‘ಸಾಕ್ಷಿ ನುಡಿ’: ಪದಮೂಲ ಮತ್ತು ಅರ್ಥವಿಸ್ತಾರ

‘ಸಾಕ್ಷಿ ನುಡಿ’, ‘ಸಾಕ್ಷಿ ಹೇಳು’ ಎಂಬ ಕ್ರಿಯಾಪದಗಳ ನಾಮಭಾಗ ಸಂಸ್ಕೃತದಿಂದ ಬಂದುದು, ಕ್ರಿಯಾಭಾಗ ಅಚ್ಚಗನ್ನಡದ್ದು. ‘ಸಾಕ್ಷಾತ್’ ಎಂಬ ಅವ್ಯಯಕ್ಕೆ ‘ಇನಿ’ ಪ್ರತ್ಯಯ ಹತ್ತಿ, ನೇರವಾಗಿ ನೋಡಿದವನು ಎಂಬರ್ಥದಲ್ಲಿ ‘ಸಾಕ್ಷಿ’ ಸಿದ್ಧಿಸುತ್ತದೆಂದು ಪಾಣಿನಿಯ ಅಷ್ಟಾಧ್ಯಾಯಿ (5.2.91) ವಿಧಿಸುತ್ತದೆ. ‘ಸಾಕ್ಷಾತ್’ ಪದದೊಳಗಿರುವುದು ‘ಅಕ್ಷಿ’, ಅಂದರೆ ಕಣ್ಣು. ವ್ಯುತ್ಪತ್ತಿಯನ್ನಷ್ಟೇ ನೋಡಿದರೆ ಸಾಕ್ಷಿಗೆ ಮಾತಿನ ಹಂಗಿಲ್ಲ. ವೇದಾಂತಿಗಳ ಸಾಕ್ಷಿಚೈತನ್ಯವೂ ನೋಡುತ್ತದೆಯೇ ಹೊರತು ನುಡಿಯುವುದಿಲ್ಲ.

ಲೋಕವ್ಯವಹಾರಕ್ಕೆ ಇದು ಸಾಲದು. ಮನುಸ್ಮೃತಿ (8.74) ಕಂಡದ್ದರೊಂದಿಗೆ ಕೇಳಿದ್ದನ್ನೂ ಸಾಕ್ಷ್ಯಕ್ಕೆ ಆಧಾರವೆನ್ನುತ್ತದೆ, ಅಲ್ಲಿಗೆ ಕಣ್ಣಿನ ಪದದೊಳಗೆ ಕಿವಿಯೂ ಸೇರಿತು.

ಬಾಯಿಯನ್ನು ಸೇರಿಸಿದ್ದು ಕನ್ನಡದ ಕ್ರಿಯಾರೂಪ. ‘ಸಾಕ್ಷಿಯಾಗು’ ಎಂಬುದು ಸ್ಥಿತಿ, ‘ಸಾಕ್ಷಿ ನುಡಿ’ ಎಂಬುದು ಕೃತಿ. ಗಂಗರ ಕೆಲವು ತಾಮ್ರಶಾಸನಗಳು ತೊಂಬತ್ತಾರು ಸಾವಿರ ನಾಡಿನ ಪ್ರಜೆಗಳನ್ನೇ ದಾನಕ್ಕೆ ಸಾಕ್ಷಿಗಳೆಂದು ಹೆಸರಿಸುತ್ತವೆ. ಅವರು ಸಾಕ್ಷಿಯಾದವರು, ನುಡಿಯಬೇಕಾದುದು ವಿವಾದವೆದ್ದಾಗ. ಈ ಭೇದ ಇಂದಿನ ಬಳಕೆಯಲ್ಲಿಯೂ ಉಳಿದಿದೆ. ‘ಸುಳ್ಳು ಸಾಕ್ಷಿ ನುಡಿದನು’ ಎಂಬುದು ಸಹಜ. ‘ಸುಳ್ಳು ಸಾಕ್ಷಿಯಾದನು’ ಎಂಬುದು ಕಿವಿಗೆ ಒಗ್ಗದು. ಸತ್ಯಾಸತ್ಯದ ಹೊಣೆ ಬೀಳುವುದು ನುಡಿಯ ಮೇಲೆ. (ಮೈದಾನವು ಸಮಾವೇಶಕ್ಕೆ ‘ಸಾಕ್ಷಿಯಾಯಿತು’ ಎಂಬ ಪತ್ರಿಕಾಪ್ರಯೋಗದಲ್ಲಿ ಯಾವ ಹೊಣೆಯೂ ಇಲ್ಲ, ಅದು ಇಂಗ್ಲಿಷಿನ ನೆರಳು.)

ಇನ್ನು ‘ಮೂಕಸಾಕ್ಷಿ’ ಎಂಬ ಸಮಾಸ. ಸಾಕ್ಷಿ ಕೇವಲ ನೋಡುವವನಾಗಿದ್ದರೆ ‘ಮೂಕ’ ಎಂಬ ವಿಶೇಷಣಕ್ಕೆ ಅರ್ಥವೇ ಇರುತ್ತಿರಲಿಲ್ಲ. ಕಂಡವನು ನುಡಿಯಬೇಕೆಂಬ ನಿರೀಕ್ಷೆ ಪದದ ಅರ್ಥದೊಳಗೇ ಸೇರಿಹೋದ ಮೇಲೆ, ಕಂಡೂ ನುಡಿಯದವನಿಗಾಗಿ ಈ ಸಮಾಸ ಬೇಕಾಯಿತು.