ಸರಣಿ ಹಂತಕರ ಕಥೆ: ಕೇಳಿಸುವುದೆಷ್ಟು, ಬಿಟ್ಟುಹೋಗುವುದೆಷ್ಟು

ನಿಜವಾಗಿ ನಡೆದ ಕೊಲೆ, ಅಪಹರಣಗಳನ್ನು ಕಂತು ಕಂತಾಗಿ ಹೇಳುವ ಧ್ವನಿ ಕಾರ್ಯಕ್ರಮಗಳನ್ನು ಟ್ರೂ ಕ್ರೈಮ್ ಪಾಡ್‌ಕಾಸ್ಟ್ ಎನ್ನುತ್ತಾರೆ. ಇವು ಜಗತ್ತಿನ ಗಮನ ಸೆಳೆದದ್ದು 2014ರ ಅಕ್ಟೋಬರ್‌ನಲ್ಲಿ, ಅಮೆರಿಕದ ಪತ್ರಕರ್ತೆ ಸಾರಾ ಕೇನಿಗ್ ‘ಸೀರಿಯಲ್’ ಶುರುಮಾಡಿದಾಗ. ಬಾಲ್ಟಿಮೋರ್‌ನಲ್ಲಿ 1999ರಲ್ಲಿ ನಡೆದ ಶಾಲಾ ವಿದ್ಯಾರ್ಥಿನಿಯೊಬ್ಬಳ ಕೊಲೆ ಅದರ ವಸ್ತು. ಆಮೇಲೆ ಬಂದವರು ಒಂದೇ ಕೊಲೆಯಲ್ಲಿ ತೃಪ್ತರಾಗಲಿಲ್ಲ; ಸರಣಿ ಹಂತಕರ ಪ್ರಕರಣಗಳೇ ಹೆಚ್ಚು ಜನರನ್ನು ಎಳೆದವು. ಕನ್ನಡದಲ್ಲಿ ಈ ಕಸುಬು ಬಹುಪಾಲು ಯೂಟ್ಯೂಬಿನಲ್ಲೇ ನಡೆಯುತ್ತದೆ. ಪರದೆಯ ಮೇಲೆ ಚಿತ್ರವಿದ್ದರೂ ನೋಡುವವರಿಗಿಂತ ಕೇಳುವವರೇ ಜಾಸ್ತಿ. ಅಡುಗೆಮನೆಯ ಕಟ್ಟೆಯ ಮೇಲೆ, ಶಿಫ್ಟಿಗೆ ಹೋಗುವ ಕಂಪನಿ ಬಸ್ಸಿನಲ್ಲಿ, ತೋಟಕ್ಕೆ ನೀರು ಬಿಟ್ಟು ಕೂತವರ ಜೇಬಿನಲ್ಲಿ ಅದು ಓಡುತ್ತಿರುತ್ತದೆ. ನಿವೃತ್ತ ಪೊಲೀಸ್ ಅಧಿಕಾರಿಗಳು ತಾವು ಹಿಡಿದ ಕೇಡಿಗಳ ಕಥೆಯನ್ನು ತಾವೇ ಹೇಳುವುದು ಕನ್ನಡದ ಕಾರ್ಯಕ್ರಮಗಳ ವಿಶೇಷ.

ಈ ರುಚಿ ಹೊಸದಲ್ಲ. 1839ರಲ್ಲಿ ಫಿಲಿಪ್ ಮೆಡೋಸ್ ಟೇಲರ್ ಬರೆದ ‘ಕನ್ಫೆಷನ್ಸ್ ಆಫ್ ಎ ಥಗ್’ ಕಾದಂಬರಿಯಲ್ಲಿ ದಾರಿಹೋಕರನ್ನು ಕೊಲ್ಲುವ ಠಕ್ಕನೇ ತನ್ನ ಕೊಲೆಗಳನ್ನು ಬಾಯಿಬಿಟ್ಟು ಹೇಳುತ್ತಾನೆ. ಇಂಗ್ಲೆಂಡಿನಲ್ಲಿ ಅದಕ್ಕೆ ಭಾರಿ ಓದುಗರಿದ್ದರು. ನಿಜಾಮನ ಸೇವೆಯಲ್ಲಿದ್ದ ಟೇಲರ್ ಮುಂದೆ ಹಲವು ವರ್ಷ ಆಡಳಿತ ನೋಡಿಕೊಂಡದ್ದು ಈಗಿನ ಯಾದಗಿರಿ ಜಿಲ್ಲೆಯ ಸುರಪುರದಲ್ಲಿ. ಅವನ ಬಂಗಲೆ ಇಂದಿಗೂ ಅಲ್ಲಿದೆ. ಕನ್ನಡದ ಮಟ್ಟಿಗೆ ಈ ಬಗೆಯ ಬರವಣಿಗೆಗೆ ದೊಡ್ಡ ಓದುಗ ವರ್ಗವನ್ನು ಕಟ್ಟಿದ್ದು ರವಿ ಬೆಳಗೆರೆ 1995ರಲ್ಲಿ ಆರಂಭಿಸಿದ ‘ಹಾಯ್ ಬೆಂಗಳೂರ್’. ಅದೇ ಬೆಳಗೆರೆ ಟಿವಿಯಲ್ಲಿ ‘ಕ್ರೈಂ ಡೈರಿ’ ನಡೆಸಿಕೊಟ್ಟಾಗ ಆ ಗಡಸು ದನಿಯೂ ಕಥೆಯ ಭಾಗವಾಯಿತು. ಇಂದಿನ ಯೂಟ್ಯೂಬ್ ನಿರೂಪಕರಲ್ಲಿ ಅನೇಕರು ಅರಿತೋ ಅರಿಯದೆಯೋ ಅದೇ ದನಿಯನ್ನು ಅನುಕರಿಸುತ್ತಾರೆ.

ಕರ್ನಾಟಕದಲ್ಲಿ ಇಂಥ ಕಾರ್ಯಕ್ರಮಗಳು ಮತ್ತೆ ಮತ್ತೆ ಎತ್ತಿಕೊಳ್ಳುವ ಪ್ರಕರಣಗಳು ನಾಲ್ಕೈದು. ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಲಕ್ಕೂರು ಹೋಬಳಿಯವರಿಗೆ ಅವುಗಳಲ್ಲಿ ತೀರ ಹತ್ತಿರದ್ದು ದಂಡುಪಾಳ್ಯ. ಪಕ್ಕದ ಹೊಸಕೋಟೆ ತಾಲ್ಲೂಕಿನ ಈ ಊರಿನ ಹೆಸರು 1990ರ ದಶಕದ ಕೊನೆಯಲ್ಲಿ ಒಂದು ಗ್ಯಾಂಗಿಗೆ ಅಂಟಿಕೊಂಡಿತು. ದೊಡ್ಡ ಹನುಮ, ವೆಂಕಟೇಶ, ಲಕ್ಷ್ಮಮ್ಮ ಮುಂತಾದವರಿದ್ದ ಈ ಗುಂಪು ಹಗಲು ಹೊತ್ತಿನಲ್ಲಿ ಹೆಂಗಸರು ಒಬ್ಬರೇ ಇರುವ ಮನೆ ನೋಡಿಟ್ಟುಕೊಂಡು, ಕುಡಿಯಲು ನೀರು ಕೇಳುವ ನೆಪದಲ್ಲಿ ಒಳನುಗ್ಗಿ, ಕತ್ತು ಸೀಳಿ ಒಡವೆ ದೋಚುತ್ತಿತ್ತು ಎಂಬುದು ಪೊಲೀಸರು ಹೊರಿಸಿದ ಆರೋಪ. 2010ರಲ್ಲಿ ಬೆಂಗಳೂರಿನ ನ್ಯಾಯಾಲಯ 11 ಮಂದಿಗೆ ಮರಣದಂಡನೆ ವಿಧಿಸಿತು. 2012ರಲ್ಲಿ ಶ್ರೀನಿವಾಸ ರಾಜು ನಿರ್ದೇಶನದ, ಪೂಜಾ ಗಾಂಧಿ ನಟಿಸಿದ ‘ದಂಡುಪಾಳ್ಯ’ ಚಿತ್ರ ಬಂತು; ಅದು ಓಡಿದ ರಭಸಕ್ಕೆ ಮುಂದಿನ ಭಾಗಗಳೂ ಬಂದವು. ಹೈಕೋರ್ಟು ಮುಂದೆ ಗಲ್ಲು ಶಿಕ್ಷೆಯನ್ನು ಜೀವಾವಧಿಗೆ ಇಳಿಸಿದ್ದೂ, ಕೆಲವು ಪ್ರಕರಣಗಳಲ್ಲಿ ಸಾಕ್ಷ್ಯ ಸಾಲದೆಂದು ಆರೋಪಿಗಳನ್ನು ಬಿಟ್ಟದ್ದೂ ಸಿನಿಮಾ ನೋಡಿದವರಲ್ಲಿ ಎಷ್ಟೋ ಮಂದಿಗೆ ತಿಳಿಯದು. ಆದರೆ ಮಧ್ಯಾಹ್ನದ ಹೊತ್ತು ಬಾಗಿಲು ತೆರೆದಿಟ್ಟ ಸೊಸೆಗೆ ‘ದಂಡುಪಾಳ್ಯದೋರು ಬಂದಾರು’ ಎನ್ನುವ ಮಾತು ಈ ಕಡೆ ಉಳಿದುಕೊಂಡಿತು. ತಪ್ಪು ಮಾಡದ ಸಾಮಾನ್ಯ ಒಕ್ಕಲುಗಳ ಊರೊಂದು ಹೀಗೆ ಬೈಗುಳವಾಗಿ ಬಳಕೆಯಾಗುವುದು ಕಥೆ ಹೇಳುವವರು ಲೆಕ್ಕಕ್ಕಿಡದ ನಷ್ಟ.

ಕೆ.ಡಿ. ಕೆಂಪಮ್ಮ ಎಂಬ ಹೆಸರಿಗಿಂತ ‘ಸೈನೈಡ್ ಮಲ್ಲಿಕಾ’ ಎಂಬ ಹೆಸರೇ ಹೆಚ್ಚು ಪರಿಚಿತ. ಬೆಂಗಳೂರು ಹೊರವಲಯದ ಕಗ್ಗಲೀಪುರದ ಈಕೆ ದೇವಸ್ಥಾನಗಳಲ್ಲಿ ದುಃಖಿತ ಹೆಂಗಸರನ್ನು ಗುರುತಿಸಿ ಪರಿಚಯ ಮಾಡಿಕೊಳ್ಳುತ್ತಿದ್ದಳು. ಮಕ್ಕಳಾಗದ ಕೊರಗು, ಕಾಯಿಲೆ, ಮನೆಯ ಜಗಳ, ಯಾವುದಕ್ಕಾದರೂ ಪೂಜೆಯೊಂದರ ಪರಿಹಾರ ಹೇಳಿ, ಮೈಮೇಲೆ ಒಡವೆ ಹಾಕಿಕೊಂಡು ಬರಲು ತಿಳಿಸಿ, ದೂರದ ಕ್ಷೇತ್ರಕ್ಕೆ ಕರೆದೊಯ್ದು ತೀರ್ಥದಲ್ಲಿ ಸೈನೈಡ್ ಬೆರೆಸಿ ಕೊಡುತ್ತಿದ್ದಳು. 1999ರ ಮೊದಲ ಕೊಲೆ ಹೊಸಕೋಟೆ ಬಳಿಯದು. ಉಳಿದವು 2007ರಲ್ಲಿ, ಕೆಲವೇ ತಿಂಗಳ ಅಂತರದಲ್ಲಿ ನಡೆದವು. ಆ ವರ್ಷದ ಡಿಸೆಂಬರ್ ಕೊನೆಗೆ ಆಕೆ ಬೆಂಗಳೂರಿನಲ್ಲಿ ಸಿಕ್ಕಿಬಿದ್ದಳು. ಆಕೆಗೆ ವಿಧಿಸಿದ್ದ ಮರಣದಂಡನೆ ಮುಂದೆ ಜೀವಾವಧಿಯಾಯಿತು.

ಸೈನೈಡ್ ಎಂದರೆ ಕೋಲಾರ ಜಿಲ್ಲೆಯವರಿಗೆ ಅಪರಿಚಿತವಲ್ಲ. ಅದಿರಿನ ಪುಡಿಯಿಂದ ಚಿನ್ನವನ್ನು ಕರಗಿಸಿ ಬೇರ್ಪಡಿಸಲು ಕೆಜಿಎಫ್ ಗಣಿಗಳಲ್ಲಿ ಸೈನೈಡ್ ದ್ರಾವಣ ಬಳಸುತ್ತಿದ್ದರು. 2001ರಲ್ಲಿ ಗಣಿ ಮುಚ್ಚಿದರೂ ಉಳಿಕೆ ಮಣ್ಣಿನ ‘ಸೈನೈಡ್ ಗುಡ್ಡ’ಗಳು ಹಾಗೇ ನಿಂತಿವೆ. ಗಾಳಿ ಎದ್ದರೆ ಅದರ ಬಿಳಿ ಧೂಳು ಕಾಲೊನಿಗಳ ಮೇಲೆ ಬಂದು ಕೂರುತ್ತದೆ. ಚಿನ್ನದ ಕೆಲಸದವರೂ ಇದೇ ರಾಸಾಯನಿಕವನ್ನು ಒಡವೆಗೆ ಹೊಳಪು ಕೊಡಲು ಬಳಸುವುದುಂಟು. ಹೀಗಾಗಿ ಹಂತಕರಿಗೆ ಅದು ಕೈಗೆಟಕಿತು. ಮೈಯೊಳಗೆ ಹೋದರೆ ಜೀವಕೋಶಗಳು ರಕ್ತದಲ್ಲಿರುವ ಆಮ್ಲಜನಕವನ್ನು ಬಳಸಲಾಗದೆ ನಿಮಿಷಗಳಲ್ಲಿ ಕುಸಿಯುತ್ತವೆ. ಹೊರಗೆ ಗಾಯ ಕಾಣದು. ನೋಡಿದವರಿಗೆ ಆತ್ಮಹತ್ಯೆಯಂತೆ ತೋರುತ್ತದೆ, ಮತ್ತು ಮುಂದಿನ ಪ್ರಕರಣದಲ್ಲಿ ಎಲ್ಲ ನಿಂತದ್ದು ಈ ತೋರಿಕೆಯ ಮೇಲೆಯೇ.

ದಕ್ಷಿಣ ಕನ್ನಡದ ಮೋಹನ್ ಕುಮಾರ್ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದವನು. ಮದುವೆಯಾಗುವುದಾಗಿ ನಂಬಿಸಿ, ವರದಕ್ಷಿಣೆ ಬೇಡವೆಂದು ಹೇಳಿ, ಬಡ ಮನೆಯ ಹೆಣ್ಣುಮಕ್ಕಳನ್ನು ದೂರದ ಊರಿಗೆ ಕರೆದೊಯ್ಯುತ್ತಿದ್ದ. ರಾತ್ರಿ ಬಸ್ ನಿಲ್ದಾಣದ ಪಕ್ಕದ ಲಾಡ್ಜ್. ಬೆಳಗ್ಗೆ ಏನೋ ನೆಪ ಹೇಳಿ ಒಡವೆ ಬಿಚ್ಚಿಡಿಸಿ, ನಿಲ್ದಾಣಕ್ಕೆ ಕರೆತಂದು, ಗರ್ಭ ನಿಲ್ಲದಿರಲು ಎಂದು ಮಾತ್ರೆಯೊಂದನ್ನು ಕೊಟ್ಟು, ವಾಂತಿ ಬರಬಹುದು, ಶೌಚಾಲಯದಲ್ಲೇ ನುಂಗು ಎನ್ನುತ್ತಿದ್ದ. ಆಕೆ ಒಳಗಿನಿಂದ ಚಿಲಕ ಹಾಕಿಕೊಂಡು ನುಂಗುತ್ತಿದ್ದಳು. ಅವನು ಲಾಡ್ಜಿಗೆ ಮರಳಿ ಒಡವೆ ಎತ್ತಿಕೊಂಡು ಊರಿನ ಬಸ್ ಹತ್ತುತ್ತಿದ್ದ. ಹೀಗೆ ಸತ್ತವರು 20 ಮಂದಿ.

ಕಥೆ ಹೇಳುವವರೆಲ್ಲ ಇಲ್ಲಿ ಹಂತಕನ ಬುದ್ಧಿವಂತಿಕೆಗೆ ಬೆರಗಾಗುತ್ತಾರೆ. ಬೆರಗಿಗೆ ಅಷ್ಟೇನೂ ಆಸ್ಪದವಿಲ್ಲ. ಅವನು ಮಾಡಿದ್ದನ್ನೇ ಮಾಡುತ್ತಿದ್ದ, ಮೈಸೂರು ಮತ್ತು ಬೆಂಗಳೂರಿನ ಅವೇ ಬಸ್ ನಿಲ್ದಾಣಗಳಿಗೆ ಮರಳಿ ಮರಳಿ ಹೋಗುತ್ತಿದ್ದ. ಅವನನ್ನು ಕಾಪಾಡಿದ್ದು ಠಾಣೆಯ ಒಂದು ಪದ್ಧತಿ. ಗುರುತು ಸಿಗದ ಶವ ದೊರೆತರೆ, ಕೊಲೆಯ ಕುರುಹು ಕಾಣದಿದ್ದರೆ, ಪೊಲೀಸರು ಅಸ್ವಾಭಾವಿಕ ಮರಣ ವರದಿ ಬರೆಯುತ್ತಾರೆ. ಠಾಣೆಯ ಮಾತಿನಲ್ಲಿ ಯುಡಿಆರ್. ಶವ ಪರೀಕ್ಷೆಯಾಗಿ, ಒಳಾಂಗದ ತುಣುಕು ಪ್ರಯೋಗಾಲಯಕ್ಕೆ ಹೋಗಿ, ವಾರಸುದಾರರು ಬಾರದಿದ್ದರೆ ಶವಸಂಸ್ಕಾರ ಮುಗಿದು ಕಡತ ಕಪಾಟು ಸೇರುತ್ತದೆ. ಒಳಗಿನಿಂದ ಚಿಲಕ ಹಾಕಿದ ಶೌಚಾಲಯದಲ್ಲಿ ಒಳ್ಳೆಯ ಸೀರೆ ಉಟ್ಟ ಹೆಣ್ಣಿನ ಶವ ಸಿಕ್ಕಿದಾಗಲೆಲ್ಲ ಹಾಗೇ ಆಯಿತು. ಅತ್ತ ಕರಾವಳಿಯ ಠಾಣೆಗಳಲ್ಲಿ, ದೂರು ಕೊಟ್ಟಿದ್ದರೆ, ‘ಕಾಣೆಯಾದ ಮಹಿಳೆ’ ಎಂಬ ಇನ್ನೊಂದು ಕಡತ. ಯಾರ ಜೊತೆಗೋ ಓಡಿಹೋಗಿರಬೇಕು ಎಂದು ಮನೆಯವರೂ ಮಾನಕ್ಕೆ ಅಂಜಿ ಸುಮ್ಮನಾದದ್ದುಂಟು. ಈ ಎರಡು ಬಗೆಯ ಕಡತಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಕೆಲಸ ಯಾರ ಪಾಲಿಗೂ ಬಂದಿರಲಿಲ್ಲ.

ಅದು ಬಂದದ್ದು 2009ರಲ್ಲಿ. ಬಂಟ್ವಾಳ ತಾಲ್ಲೂಕಿನ ಬರಿಮಾರಿನ ಯುವತಿಯೊಬ್ಬಳು ಜೂನ್‌ನಲ್ಲಿ ಕಾಣೆಯಾದಾಗ, ಅನ್ಯಮತದವನ ಜೊತೆ ಹೋಗಿದ್ದಾಳೆಂಬ ಪುಕಾರೆದ್ದು ಊರವರು ಠಾಣೆಯ ಮುಂದೆ ಜಮಾಯಿಸಿದರು. ಒತ್ತಡಕ್ಕೆ ಸಿಕ್ಕ ಪೊಲೀಸರು ಆಕೆಯ ಫೋನ್ ಕರೆಗಳ ಪಟ್ಟಿ ತೆಗೆಸಿದರು. ಆಕೆಗೆ ಕರೆ ಬಂದಿದ್ದ ಸಂಖ್ಯೆ ಇನ್ನೊಬ್ಬ ಯುವತಿಯದು, ಆಕೆಯೂ ಕಾಣೆ. ಆ ಜಾಡು ಹಿಡಿದರೆ ಮತ್ತೊಬ್ಬಳು, ಆಕೆಯೂ ಕಾಣೆ. ಎಳೆ ಕೊನೆಗೆ ಮಂಗಳೂರು ಬಳಿಯ ದೇರಳಕಟ್ಟೆಗೆ ಮುಟ್ಟಿತು. ಅಕ್ಟೋಬರ್‌ನಲ್ಲಿ ಮೋಹನ್‌ನ ಬಂಧನವಾಯಿತು. ಕೋಮು ಗಲಭೆಯ ಭಯ ಹುಟ್ಟದಿದ್ದರೆ ಆ ಕರೆಪಟ್ಟಿಯನ್ನು ಅಷ್ಟು ಶ್ರದ್ಧೆಯಿಂದ ಯಾರಾದರೂ ಓದುತ್ತಿದ್ದರೇ ಎಂಬುದು ಕೇಳಲೇಬೇಕಾದ ಪ್ರಶ್ನೆ. 2013ರ ಡಿಸೆಂಬರ್‌ನಲ್ಲಿ ಮಂಗಳೂರಿನ ನ್ಯಾಯಾಲಯ ಮೂರು ಪ್ರಕರಣಗಳಲ್ಲಿ ಅವನನ್ನು ದೋಷಿಯೆಂದಿತು. ಬರಿಮಾರಿನ ಪ್ರಕರಣದ ಮರಣದಂಡನೆಯನ್ನು 2017ರಲ್ಲಿ ಹೈಕೋರ್ಟು ಜೀವಾವಧಿಗೆ ಇಳಿಸಿತು. ಕೊನೆಯದಾದ 20ನೆಯ ಪ್ರಕರಣದ, ಅಂದರೆ ಕಾಸರಗೋಡಿನ ಯುವತಿಯ ಕೊಲೆಯ ತೀರ್ಪು ಬರುವಾಗ 2020 ಆಗಿತ್ತು. ಈ ಘಟನೆಗಳ ಛಾಯೆ 2023ರ ಹಿಂದಿ ವೆಬ್ ಸರಣಿ ‘ದಹಾಡ್’ನಲ್ಲಿದೆ. ಕಥೆಯನ್ನು ರಾಜಸ್ಥಾನಕ್ಕೆ ಒಯ್ದರೂ, ಕಾಣೆಯಾದ ಬಡ ಹೆಣ್ಣುಮಕ್ಕಳನ್ನು ಯಾರೂ ಹುಡುಕುವುದಿಲ್ಲ ಎಂಬ ತಿರುಳನ್ನು ಅದು ಬಿಟ್ಟುಕೊಟ್ಟಿಲ್ಲ. ಆ ಮಟ್ಟಿಗೆ ಹಲವು ‘ಸತ್ಯಕಥೆ’ಗಳಿಗಿಂತ ಸತ್ಯಕ್ಕೆ ಹತ್ತಿರ.

ಇಂಥ ಕಾರ್ಯಕ್ರಮಗಳ ಸರಕು ಹೆಚ್ಚಾಗಿ ಪೊಲೀಸರ ಹೇಳಿಕೆ. ‘ಅವನೇ ಒಪ್ಪಿಕೊಂಡ’ ಎಂಬಲ್ಲಿಗೆ ನಿರೂಪಣೆ ಮುಗಿಯುತ್ತದೆ. ಕಾನೂನು ಅಲ್ಲಿಂದ ಶುರುವಾಗುತ್ತದೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂದು 1872ರ ಸಾಕ್ಷ್ಯ ಅಧಿನಿಯಮದ 25ನೇ ಕಲಂ ಹೇಳಿತ್ತು. 2024ರ ಜುಲೈನಿಂದ ಜಾರಿಯಲ್ಲಿರುವ ಹೊಸ ಕಾಯ್ದೆಯೂ ಅದನ್ನು ಉಳಿಸಿಕೊಂಡಿದೆ. ಹೊಡೆದು ಬಾಯಿಬಿಡಿಸುವ ಚಾಳಿ ಗೊತ್ತಿದ್ದೇ ಮಾಡಿದ ನಿಯಮ ಇದು. ಆರೋಪಿ ಹೇಳಿದ ಜಾಗದಲ್ಲಿ ಒಡವೆಯೋ ಕತ್ತಿಯೋ ಸಿಕ್ಕಿದರೆ ಅಷ್ಟು ಭಾಗ ಮಾತ್ರ ನಿಲ್ಲುತ್ತದೆ. ಅದಕ್ಕೂ ಮಹಜರಿಗೆ ಸಹಿ ಹಾಕಿದ ಪಂಚರು ವರ್ಷಗಳ ಮೇಲೆ ಕೋರ್ಟಿನ ಕಟಕಟೆಯಲ್ಲಿ ಅದೇ ಮಾತು ಹೇಳಬೇಕು. ನಿವೃತ್ತ ಇನ್‌ಸ್ಪೆಕ್ಟರರ ರೋಚಕ ವಿವರಣೆಗೂ ಹೈಕೋರ್ಟಿನ ತೀರ್ಪಿಗೂ ನಡುವೆ ಕಂದಕ ಬೀಳುವುದು ಇಲ್ಲೇ.

ಏನನ್ನು ಹೇಳಬಹುದು ಎಂಬ ಗೆರೆಯನ್ನು ಎಳೆದದ್ದೂ ಒಬ್ಬ ಸರಣಿ ಹಂತಕನ ಪ್ರಕರಣವೇ. ಚೆನ್ನೈನ ಆಟೋ ಶಂಕರ್ ಜೈಲಿನಲ್ಲಿ ಬರೆದ ಆತ್ಮಕಥೆಯನ್ನು ಪ್ರಕಟಿಸಲು ‘ನಕ್ಕೀರನ್’ ಪತ್ರಿಕೆ ಹೊರಟಾಗ ಅಧಿಕಾರಿಗಳು ಅಡ್ಡಬಂದರು. 1994ರಲ್ಲಿ ಸುಪ್ರೀಂ ಕೋರ್ಟ್, ನ್ಯಾಯಾಲಯದ ದಾಖಲೆಯಂಥ ಸಾರ್ವಜನಿಕ ದಾಖಲೆಗಳಲ್ಲಿರುವುದನ್ನು ಪ್ರಕಟಿಸಲು ಯಾರ ಒಪ್ಪಿಗೆಯೂ ಬೇಡ ಎಂದಿತು. ಜೊತೆಗೆ, ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಹೆಣ್ಣಿನ ಹೆಸರನ್ನು ಹೊರಗೆಡಹಬಾರದು ಎಂಬ ವಿನಾಯಿತಿಯನ್ನೂ ಇಟ್ಟಿತು. ಅತ್ಯಾಚಾರಕ್ಕೊಳಗಾದವಳು ಸತ್ತಿದ್ದರೂ ಹೆಸರು ಹೇಳಬಾರದೆಂದು 2018ರಲ್ಲಿ ಅದೇ ನ್ಯಾಯಾಲಯ ಸ್ಪಷ್ಟಪಡಿಸಿದೆ. ಮೋಹನ್‌ನ ಕಥೆ ಹೇಳುವ ಕಾರ್ಯಕ್ರಮಗಳು ಮಾತ್ರ ಸತ್ತವರ ಹೆಸರು, ಊರು, ಮದುವೆಮನೆಯ ಫೋಟೊ ಎಲ್ಲವನ್ನೂ ತೋರಿಸುತ್ತಲೇ ಇವೆ. ಬಾಲ್ಟಿಮೋರ್‌ನ ಹುಡುಗಿಯ ಅಣ್ಣತಮ್ಮಂದಿರಲ್ಲಿ ಒಬ್ಬರು 2022ರಲ್ಲಿ ಕೋರ್ಟಿನ ಮುಂದೆ, ಇದು ತಮಗೆ ಪಾಡ್‌ಕಾಸ್ಟ್ ಅಲ್ಲ, ಬದುಕು ಎಂಬರ್ಥದಲ್ಲಿ ಅಲವತ್ತುಕೊಂಡಿದ್ದರು.

ಕೇಳುವವರಲ್ಲಿ ಹೆಂಗಸರು ಹೆಚ್ಚೇಕೆ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞರಾದ ಅಮಾಂಡಾ ವಿಕರಿ ಮತ್ತು ಕ್ರಿಸ್ ಫ್ರೇಲಿ 2010ರಲ್ಲಿ ಪರಿಶೀಲಿಸಿದರು. ಹಂತಕ ಹೇಗೆ ಬಲೆ ಬೀಸುತ್ತಾನೆ, ತಪ್ಪಿಸಿಕೊಂಡವರು ಹೇಗೆ ತಪ್ಪಿಸಿಕೊಂಡರು ಎಂಬ ವಿವರವಿರುವ ಪುಸ್ತಕಗಳತ್ತ ಹೆಂಗಸರ ಒಲವು ಎದ್ದು ಕಂಡಿತು. ಕುತೂಹಲದ ಜೊತೆಗೆ ಎಚ್ಚರಿಕೆಯೂ ಅಲ್ಲಿ ಕೆಲಸ ಮಾಡುತ್ತದೆ. ದಂಡುಪಾಳ್ಯದ ಕಥೆ ಕೇಳಿ ಬಾಗಿಲಿಗೆ ಸರಪಳಿ ಹಾಕಿಸಿದವರಿಗೆ ಇದನ್ನು ವಿವರಿಸಬೇಕಿಲ್ಲ.

ತೀರ್ಪಿನ ನಂತರದ ಅಧ್ಯಾಯ ಈ ಕಾರ್ಯಕ್ರಮಗಳಿಗೆ ಎಷ್ಟು ಒಗ್ಗದು ಎಂಬುದಕ್ಕೆ ಉಮೇಶ್ ರೆಡ್ಡಿಯ ಪ್ರಕರಣವಿದೆ. ಚಿತ್ರದುರ್ಗ ಮೂಲದ, ಪೊಲೀಸ್ ಕೆಲಸದಲ್ಲಿದ್ದು ವಜಾಗೊಂಡ ಇವನಿಗೆ 1998ರಲ್ಲಿ ಬೆಂಗಳೂರಿನಲ್ಲಿ ನಡೆದ ಅತ್ಯಾಚಾರ, ಕೊಲೆಗಾಗಿ 2006ರಲ್ಲಿ ಗಲ್ಲು ಶಿಕ್ಷೆಯಾಯಿತು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2013ರಲ್ಲಿ ರಾಷ್ಟ್ರಪತಿಗಳು ಕ್ಷಮಾದಾನ ನಿರಾಕರಿಸಿದರು. ಆದರೆ ಕ್ಷಮಾದಾನದ ಅರ್ಜಿ ತೀರ್ಮಾನವಾಗುವ ಮೊದಲೇ ಕೈದಿಯನ್ನು ಏಕಾಂತ ಸೆರೆಗೆ ಹಾಕುವಂತಿಲ್ಲ ಎಂಬ 1978ರ ಸುನಿಲ್ ಬಾತ್ರಾ ತೀರ್ಪನ್ನು ಮೀರಿ, ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಅವನನ್ನು 2006ರಿಂದ ವರ್ಷಗಟ್ಟಲೆ ಒಂಟಿ ಕೋಣೆಯಲ್ಲಿ ಇಡಲಾಗಿತ್ತು. 2022ರ ನವೆಂಬರ್ 4ರಂದು ಮುಖ್ಯ ನ್ಯಾಯಮೂರ್ತಿ ಯು.ಯು. ಲಲಿತ್ ನೇತೃತ್ವದ ಪೀಠ ಇದೇ ಕಾರಣಕ್ಕೆ ಗಲ್ಲನ್ನು ಕನಿಷ್ಠ 30 ವರ್ಷಗಳ ಜೀವಾವಧಿಗೆ ಇಳಿಸಿತು. ಆರು ವಾರಗಳ ಬಳಿಕ, ಡಿಸೆಂಬರ್ 16ರಂದು, ನೆಟ್‌ಫ್ಲಿಕ್ಸ್‌ನಲ್ಲಿ ಅವನ ಮೇಲಿನ ಸಾಕ್ಷ್ಯಚಿತ್ರ ಸರಣಿ ತೆರೆಕಂಡಿತು. ಅದಕ್ಕಿಟ್ಟ ಹೆಸರು ‘ಬೀಸ್ಟ್ ಆಫ್ ಬ್ಯಾಂಗಲೋರ್’.