ಮಕ್ಕಳ ಸಂಗೀತಾಭ್ಯಾಸದ ಕ್ರಮಗಳು

ಮಕ್ಕಳಿಗೆ ನಾಲ್ಕಕ್ಷರದ ಜೊತೆಗೆ ನಾಲ್ಕು ಹಾಡನ್ನೂ ಕಲಿಸಬೇಕೆಂಬ ಆಸೆಯು ಈಗ ನಮ್ಮ ಸಂಸಾರಗಳಲ್ಲಿ ಬಹುಮಟ್ಟಿಗೆ ಹರಡಿರುವುದು. ಮಂಡ್ಯದ ಬಡಾವಣೆಗಳಲ್ಲಿ ಸಂಜೆ ಐದು ಗಂಟೆಯ ಮೇಲೆ ನಡೆದುಹೋದರೆ ಯಾವುದಾದರೊಂದು ಮನೆಯ ಮಹಡಿಯಿಂದ ಸರಳೆ ವರಸೆಯು ಕೇಳಿಬರುವುದು. ಬಾಗಿಲಲ್ಲಿ ಹತ್ತು ಹದಿನೈದು ಜೊತೆ ಪುಟ್ಟ ಪಾದರಕ್ಷೆಗಳು ಬಿದ್ದಿರುವುವು. ಆಸೆಯೇನೋ ಒಳ್ಳೆಯದೇ. ಆದರೆ ಹೀಗೆ ಸೇರಿದ ಮಕ್ಕಳಲ್ಲಿ ಮೂರನೆಯ ವರ್ಷದ ಹೊತ್ತಿಗೆ ಎಷ್ಟು ಮಂದಿ ಉಳಿಯುವರು ಎಂಬುದನ್ನು ತಾಯ್ತಂದೆಗಳು ತಮ್ಮ ತಮ್ಮ ಬೀದಿಯಲ್ಲಿಯೇ ಎಣಿಸಿ ನೋಡಿಕೊಳ್ಳಬಹುದು. ಬಿಟ್ಟ ಮಗುವಿಗೆ ‘ಕಂಠವಿಲ್ಲ’ ಎಂದು ಹೆಸರಿಟ್ಟು ನಾವು ಸುಮ್ಮನಾಗುವೆವು. ದೋಷವು ಮಗುವಿನ ಕಂಠದಲ್ಲಿರುವುದೋ, ನಾವು ಹಿಡಿಸಿದ ದಾರಿಯಲ್ಲಿರುವುದೋ ಎಂದು ವಿಚಾರಮಾಡುವವರು ವಿರಳ.

ಈ ವಿಚಾರವು ನನ್ನ ತಲೆಗೆ ಹತ್ತಿದ್ದು ಮದ್ದೂರಿನ ಒಂದು ಮದುವೆಯ ಮನೆಯಲ್ಲಿ. ಆರತಿಯ ಸಮಯಕ್ಕೆ ಹಾಡು ಹೇಳಬೇಕೆಂದು ಹದಿಮೂರು ವರ್ಷದ ಹುಡುಗಿಯೊಬ್ಬಳನ್ನು ಮುಂದಕ್ಕೆ ಕರೆದರು. ಜೂನಿಯರ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳನ್ನು ಪಡೆದವಳು. ಮನೆಯವರಿಗೆ ಅದೊಂದು ಹೆಮ್ಮೆ. ಮಗುವು ಕೆಂಪಾಗಿ, “ಪುಸ್ತಕ ತಂದಿಲ್ಲ” ಎಂದಿತು. ಅಷ್ಟರಲ್ಲಿ ಮೂಲೆಯಲ್ಲಿ ಕುಳಿತಿದ್ದ ಅವಳ ಅಜ್ಜಿ, ಓದುಬರಹ ಬಾರದವರು, ಸೋಬಾನೆಯನ್ನು ಎತ್ತಿಕೊಂಡರು. ಇನ್ನಿಬ್ಬರು ಮುದುಕಿಯರು ದನಿಗೂಡಿಸಿದರು. ಕಾಲು ಗಂಟೆ ಹಾಡಿದರೂ ಶ್ರುತಿಯು ಎಳ್ಳಷ್ಟೂ ಕದಲಲಿಲ್ಲ. ಒಂದೇ ಮನೆಯಲ್ಲಿ ಎರಡು ಬಗೆಯ ವಿದ್ಯೆಗಳಿದ್ದುವು. ಒಂದರ ಪರಿಚಯ ಮತ್ತೊಂದಕ್ಕಿರಲಿಲ್ಲ.

ಹಿಂದಿನವರು ಸಂಗೀತವನ್ನು ಕಲಿತದ್ದು ಗುರುವಿನ ಮನೆಯಲ್ಲಿದ್ದುಕೊಂಡು. ಮೈಸೂರು ವಾಸುದೇವಾಚಾರ್ಯರು (೧೮೬೫–೧೯೬೧) ಅರಸರ ಆಶ್ರಯದಿಂದ ತಿರುವೈಯಾರಿಗೆ ಹೋಗಿ ಪಟ್ಣಂ ಸುಬ್ರಹ್ಮಣ್ಯ ಅಯ್ಯರವರ ಮನೆಯಲ್ಲಿ ಶಿಷ್ಯವೃತ್ತಿ ಮಾಡಿದರು. ನಮ್ಮ ಮಳವಳ್ಳಿಯ ನೆರೆಯ ತಾಲ್ಲೂಕಾದ ತಿರುಮಕೂಡಲಿನಲ್ಲಿ ೧೮೯೫ರಲ್ಲಿ ಹುಟ್ಟಿ, ಏಳು ತಂತಿಯ ಪಿಟೀಲಿನಿಂದ ಖ್ಯಾತರಾದ ಚೌಡಯ್ಯನವರು ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಆ ಕ್ರಮದಲ್ಲಿ ಪಾಠಕ್ಕಿಂತ ಕೇಳ್ಮೆಯೇ ಹೆಚ್ಚು. ಗುರುವು ತನಗಾಗಿ ಹಾಡಿಕೊಳ್ಳುವಾಗಲೂ, ಹಿರಿಯ ಶಿಷ್ಯರನ್ನು ತಿದ್ದುವಾಗಲೂ, ಬಂದ ವಿದ್ವಾಂಸರೊಡನೆ ವಾದಿಸುವಾಗಲೂ ಹುಡುಗನ ಕಿವಿಯ ಮೇಲೆ ಸಂಗೀತವು ಬೀಳುತ್ತಲೇ ಇರುತ್ತಿತ್ತು. ಆದರೆ ಆ ಕ್ರಮವನ್ನು ಈಗ ಹೊಗಳುವವರು ಅದರ ಇನ್ನೊಂದು ಮುಖವನ್ನೂ ನೆನೆಯಬೇಕು. ನೀರು ಸೇದಿ, ಬಟ್ಟೆ ಒಗೆದು, ಗುರುವಿನ ಮನಸ್ಸು ತಿಳಿಯಾಗುವವರೆಗೆ ತಿಂಗಳುಗಟ್ಟಲೆ ಕಾದವರುಂಟು. ಗೃಹಸ್ಥರ ಹೆಣ್ಣುಮಕ್ಕಳಿಗಂತೂ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿಯೇ ಇತ್ತು. ಹೋದುದಕ್ಕಾಗಿ ಬರಿದೆ ಹಲುಬಿ ಫಲವಿಲ್ಲ.

ಉಳಿದು ಬಂದಿರುವುದು ಅಭ್ಯಾಸಗಾನ. ಇದನ್ನು ಕ್ರಮಪಡಿಸಿದ ಕೀರ್ತಿಯನ್ನು ಸಂಪ್ರದಾಯವು ಪುರಂದರದಾಸರಿಗೆ ಸಲ್ಲಿಸಿ, ಅವರನ್ನು ಕರ್ನಾಟಕ ಸಂಗೀತದ ಪಿತಾಮಹರೆಂದು ಕರೆದಿದೆ. ಸರಳೆ ವರಸೆ, ಜಂಟಿ ವರಸೆ, ದಾಟು ವರಸೆ, ಏಳು ತಾಳಗಳ ಅಲಂಕಾರ, ಆಮೇಲೆ ಮಲಹರಿಯ ಪಿಳ್ಳಾರಿ ಗೀತೆಗಳು—ಕನ್ನಡ ನಾಡಿನಲ್ಲಾಗಲಿ ತಮಿಳು ತೆಲುಗು ಸೀಮೆಗಳಲ್ಲಾಗಲಿ ಮಗುವು ಹತ್ತುವ ಮೆಟ್ಟಿಲುಗಳು ಇವೇ. ಮೊದಲ ಪಾಠಕ್ಕೆ ಮಾಯಾಮಾಳವಗೌಳವನ್ನು ಆರಿಸಿದುದರಲ್ಲಿ ದೊಡ್ಡ ಯುಕ್ತಿಯಿದೆ. ಈ ಹದಿನೈದನೆಯ ಮೇಳದಲ್ಲಿ ‘ಸ ರಿ ಗ ಮ’ಗಳ ನಡುವಣ ಅಂತರಗಳು ಹೇಗಿರುವುವೋ ‘ಪ ದ ನಿ ಸ’ಗಳ ನಡುವಣ ಅಂತರಗಳೂ ಹಾಗೆಯೇ ಇರುವುವು, ಕೆಳಗಿನ ಅರ್ಧವನ್ನು ಕಲಿತ ಮಗುವು ಮೇಲಿನ ಅರ್ಧವನ್ನು ಅದೇ ಅಚ್ಚಿನಲ್ಲಿ ಹಿಡಿಯಬಲ್ಲದು. ರಿಷಭವು ಷಡ್ಜಕ್ಕೂ ಗಾಂಧಾರವು ಮಧ್ಯಮಕ್ಕೂ ಅಂಟಿಕೊಂಡಂತಿರುವುದರಿಂದ ದಾರಿ ತಪ್ಪಿದರೆ ಕಿವಿಗೆ ಕೂಡಲೇ ಗೊತ್ತಾಗುವುದು. ಅಲ್ಲಿಂದ ಹುಟ್ಟಿದ ಮಲಹರಿಯಲ್ಲಿ ಏರುವಾಗ ಐದೇ ಸ್ವರ, ಇಳಿಯುವಾಗ ಆರು. ಎಳೆಯ ಉಸಿರಿಗೆ ಅದೇನೂ ಭಾರವಲ್ಲ. ಧ್ರುವದಿಂದ ಏಕದವರೆಗಿನ ಅಲಂಕಾರಗಳಲ್ಲಿ ಕೈಯೂ ಬಾಯಿಯೂ ಒಟ್ಟಿಗೆ ನಡೆಯುವುದನ್ನು ಕಲಿಯುವುವು. ಇಷ್ಟು ಸೊಗಸಾದ ಏರ್ಪಾಡು ಬೇರೆ ಯಾವ ವಿದ್ಯೆಯಲ್ಲಿರುವುದೋ ನಾನರಿಯೆ.

ಹಾಗಾದರೆ ಮಕ್ಕಳು ಬಿಡುವುದೇಕೆ? ಏರ್ಪಾಡಿನ ದೋಷದಿಂದಲ್ಲ, ಅದನ್ನು ನಡೆಸುವ ಬಗೆಯಿಂದ. ಆರು ವರ್ಷದ ಕೂಸಿಗೆ ಒಂದೂವರೆ ವರ್ಷ ಬರಿಯ ಸರಳೆ ಜಂಟಿಗಳನ್ನೇ ಉಣಬಡಿಸುವುದು, ಮಾತು ಕಲಿಯುವ ಮಗುವಿಗೆ ಕಾಗುಣಿತ ಮುಗಿಯುವವರೆಗೆ ‘ಅಮ್ಮಾ’ ಎನ್ನಬೇಡವೆಂದಂತೆ. ಇನ್ನೊಂದು ಸಂಗತಿ ಶ್ರುತಿಯದು. ಗಂಡಸರಿಗೆ ಒಂದು ಮನೆ, ಹೆಂಗಸರಿಗೂ ಮಕ್ಕಳಿಗೂ ಐದು ಮನೆಯ ಆಸುಪಾಸು ಹಿತವಾದುದೆಂಬುದು ಸಾಮಾನ್ಯ ಲೆಕ್ಕ. ಹದಿನೈದು ಮಕ್ಕಳನ್ನು ಸಾಲಾಗಿ ಕೂರಿಸಿ ಮೇಷ್ಟರ ಕಂಠಕ್ಕೆ ಒಗ್ಗುವ ಶ್ರುತಿಯನ್ನೇ ಹಾಕಿದರೆ ಕೆಲವರು ಗೊಣಗುವರು, ಕೆಲವರು ಕಿರುಚುವರು. ಹದಿಮೂರು ಹದಿನಾಲ್ಕರಲ್ಲಿ ಗಂಡುಹುಡುಗರ ಕಂಠವು ಒಡೆಯುವ ಕಾಲಕ್ಕೆ ಮೃದುವಾಗಿ ಹಾಡಿಸಿ, ಹೆಚ್ಚು ಕೇಳಿಸಿ, ಕೆಲವು ತಿಂಗಳು ತಾಳ್ಮೆಯಿಂದಿರಬೇಕು. ನಾವೋ ಆಗಲೇ ಶಾಲೆಯ ಪರೀಕ್ಷೆಯ ನೆವದಿಂದ ಬಿಡಿಸಿಬಿಡುವೆವು.

ಪರೀಕ್ಷೆಯೆಂದ ಕೂಡಲೆ ಜೂನಿಯರ್, ಸೀನಿಯರ್, ವಿದ್ವತ್ ಎಂಬ ಮೂರು ಮಾತುಗಳು ನಮ್ಮ ಕಡೆಯ ಗೃಹಿಣಿಯರಿಗೆಲ್ಲ ಪರಿಚಿತವಾದುವು. ಇವನ್ನು ಹಳಿಯುವುದು ಈಗ ವಿದ್ವಾಂಸರಲ್ಲಿ ಒಂದು ವಾಡಿಕೆಯಾಗಿದೆ. ನಾನು ಪೂರ್ತಿ ಒಪ್ಪಲಾರೆ. ಅರಮನೆಯಾಗಲಿ ದೊಡ್ಡ ಸಭೆಯಾಗಲಿ ಇಲ್ಲದ ಊರುಗಳಲ್ಲಿ ಸಂಗೀತದ ಮೇಷ್ಟರುಗಳು ಬಾಳುವೆ ನಡೆಸುವುದಕ್ಕೆ ಈ ಪರೀಕ್ಷೆಗಳು ಆಧಾರವಾದುವು. ಎಷ್ಟೋ ಹೆಣ್ಣುಮಕ್ಕಳಿಗೆ ಮದುವೆಯಾದ ಮೇಲೂ ನಾಲ್ವರಿಗೆ ಪಾಠ ಹೇಳಿ ಸ್ವಂತ ಸಂಪಾದನೆ ಮಾಡುವ ಯೋಗ್ಯತಾಪತ್ರವು ಇದರಿಂದಲೇ ದೊರೆಯಿತು. ಕೆಡುವುದೆಲ್ಲಿಯೆಂದರೆ, ಪಠ್ಯದಲ್ಲಿರುವಷ್ಟು ಗೀತೆ ಸ್ವರಜತಿ ವರ್ಣಗಳನ್ನು ಮಾತ್ರ ಗಟ್ಟಿಮಾಡಿಸಿ, ಶಾಸ್ತ್ರದ ಪ್ರಶ್ನೆಗಳಿಗೆ ಉತ್ತರವನ್ನು ಬರೆಸಿ, ಕಿವಿಯನ್ನು ಹಾಗೆಯೇ ಬಿಟ್ಟುಬಿಟ್ಟಾಗ. ಪುಸ್ತಕದಲ್ಲಿ ‘ಗ’ ಎಂದು ಬರೆದಿರುವುದು ಒಂದು ಅಕ್ಷರ. ತೋಡಿಯ ಗಾಂಧಾರವು ಆ ಅಕ್ಷರದೊಳಗೆ ಇಲ್ಲ.

ಈಗ ಮಳವಳ್ಳಿಯ ಕಡೆಗೆ ತಿರುಗೋಣ. ಆ ತಾಲ್ಲೂಕಿನ ಬೊಪ್ಪೇಗೌಡನಪುರವು ಮಂಟೇಸ್ವಾಮಿಯ ನೆಲೆ. ಅವರ ಕಥೆಯನ್ನು ಹಾಡುವ ನೀಲಗಾರರು ತಂಬೂರಿ, ಗಗ್ಗರ, ದಮ್ಮಡಿಗಳೊಡನೆ ಇರುಳೆಲ್ಲ ಕಾವ್ಯವನ್ನು ನಡೆಸುವರು. ಮಲೆಯ ಮಾದೇಶ್ವರನ ದೇವರಗುಡ್ಡರು ಎಡಗೈಯ ಬಟ್ಟಲಿಗೆ ಬಲಗೈಯ ತಟ್ಟೆಯನ್ನು ತಾಗಿಸಿ ಕಂಸಾಳೆಯನ್ನು ನುಡಿಸುವರು. ಮಳವಳ್ಳಿ ಮಹದೇವಸ್ವಾಮಿಯವರ ಕಂಠವು ಧ್ವನಿಸುರುಳಿಗಳ ಮೂಲಕ ಈ ಸೀಮೆಯ ಮನೆಮನೆಗೂ ಬಂದಿರುವುದನ್ನು ಓದುಗರು ಬಲ್ಲರು. ಇಲ್ಲಿ ಪಾಠದ ಕ್ರಮವೇನು? ಹುಡುಗನು ಮೊದಲು ಹಿಮ್ಮೇಳದಲ್ಲಿ ಕುಳಿತು ಸೊಲ್ಲನ್ನು ಹೇಳುವನು. ಮುಂದಾಳು ಕಥೆಯನ್ನು ಬೆಳೆಸುವಾಗ ಮತ್ತೆ ಮತ್ತೆ ಬರುವ ಅದೊಂದು ಸಾಲೇ ಅವನ ಮೊದಲ ಪಾಠ. ತಪ್ಪಿದರೂ ಜೊತೆಯವರ ದನಿಯಲ್ಲಿ ಮುಚ್ಚಿಹೋಗುವುದು, ಬೈಗುಳವಿಲ್ಲ, ಭಯವಿಲ್ಲ. ವರ್ಷಗಳು ಕಳೆದಂತೆ ಕಥೆಯ ಒಂದೊಂದು ಭಾಗವು ಅವನಿಗೆ ಬರುವುದು. ಎಂದೋ ಒಂದು ರಾತ್ರಿ ಮುಂದಾಳು ದಣಿದಾಗ ಹುಡುಗನು ತಾನೇ ಎತ್ತಿಕೊಳ್ಳುವನು. ಮೊದಲ ದಿನದಿಂದಲೇ ಅವನು ಕೇಳುವವರ ಎದುರಿಗೆ ಹಾಡುತ್ತಿರುವನೆಂಬುದನ್ನು ಗಮನಿಸಬೇಕು. ನಮ್ಮ ಮಹಡಿಯ ಮಕ್ಕಳಿಗೆ ಆ ಭಾಗ್ಯವು ವರ್ಷಕ್ಕೊಮ್ಮೆ, ಶಾಲೆಯ ವಾರ್ಷಿಕೋತ್ಸವದಲ್ಲಿ. ನೀಲಗಾರರಲ್ಲಿ ಬಹುಮಂದಿ ದಲಿತರೇ ಮೊದಲಾದ ದುಡಿಯುವ ಜಾತಿಗಳವರು. ಅವರದನ್ನು ‘ಸಂಗೀತ’ವೆಂದು ಕರೆಯಲು ಓದುಬರಹ ಬಲ್ಲ ಗೃಹಸ್ಥರು ಬಹುಕಾಲ ಹಿಂಜರಿದರು. ಇದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳಬೇಕು.

ನಾಟಕದ ಮೇಷ್ಟರುಗಳನ್ನು ಮರೆತರೆ ಮಂಡ್ಯದ ಚಿತ್ರವು ಪೂರ್ಣವಾಗದು. ಸುಗ್ಗಿ ಮುಗಿದ ಮೇಲೆ ‘ಕುರುಕ್ಷೇತ್ರ’ವನ್ನು ಕಟ್ಟುವ ಹಳ್ಳಿಗಳಿಗೆ ಹಾರ್ಮೋನಿಯಂ ಹೊತ್ತು ಬರುವ ಇವರು, ನೇಗಿಲು ಹಿಡಿದ ಕೈಗಳವರಿಗೆ ಕಂದಪದ್ಯವನ್ನೂ ರಂಗಗೀತೆಯನ್ನೂ ಕೆಲವೇ ತಿಂಗಳಲ್ಲಿ ಕಿವಿಯಿಂದಲೇ ಕಲಿಸಿಬಿಡುವರು. ಹಾರ್ಮೋನಿಯಮ್ಮಿನಲ್ಲಿ ಗಮಕವು ನುಡಿಯದೆಂದು ವಿದ್ವಾಂಸರು ಮೂಗು ಮುರಿಯುವರು. ಆಕಾಶವಾಣಿಯೂ ೧೯೪೦ರಿಂದ ೧೯೭೧ರವರೆಗೆ ಅದನ್ನು ದೂರವಿಟ್ಟಿತ್ತು. ಅದು ನಿಜವೇ. ಆದರೂ ರೈತನ ಬಾಯಲ್ಲಿ ಮೋಹನ, ಕಲ್ಯಾಣಿಗಳನ್ನು ನೆಲೆಗೊಳಿಸಿದುದು ಆ ಪೆಟ್ಟಿಗೆಯೇ.

ಹೊರದೇಶದವರು ಈ ವಿಷಯದಲ್ಲಿ ಏನು ಮಾಡಿದರೆಂದು ನೋಡಿದರೆ ಆಶ್ಚರ್ಯವಾಗುವುದು. ಹಂಗೇರಿಯ ಕೊದಾಯ್ (೧೮೮೨–೧೯೬೭) ತನ್ನ ಮಿತ್ರ ಬಾರ್ತೋಕ್‌ನಂತೆಯೇ ಹಳ್ಳಿಹಳ್ಳಿ ತಿರುಗಿ ಹಾಡುಗಳನ್ನು ಕೂಡಿಸಿದನು. ಮಗುವಿನ ಮೊದಲ ಸಂಗೀತವು ಅದರ ತಾಯ್ನುಡಿಯ ಜನಪದ ಹಾಡಾಗಿರಬೇಕೆಂದೂ, ವಾದ್ಯಕ್ಕಿಂತ ಮೊದಲು ಕಂಠವು ಹದವಾಗಬೇಕೆಂದೂ ಅವನು ಸಾರಿದನು. ಐದು ಸ್ವರದ ಹಾಡುಗಳಿಂದ ತೊಡಗಿ, ಒಂದೊಂದು ಸ್ವರಕ್ಕೆ ಒಂದೊಂದು ಕೈಸನ್ನೆಯನ್ನು ಹಿಡಿದು, ಆಮೇಲೆ ಬರಹಕ್ಕೆ ಹೋಗುವ ಕ್ರಮ ಅವನ ಶಿಷ್ಯರದು. ಜಪಾನಿನ ಸುಜುಕಿ (೧೮೯೮–೧೯೯೮), ಮಗುವು ಮಾತನ್ನು ಕಲಿಯುವಂತೆಯೇ ಪಿಟೀಲನ್ನೂ ಕಲಿಯಬಲ್ಲದೆಂದು ನಂಬಿ, ಮೊದಲು ದಿನವೂ ಕೇಳಿಸಿ, ತಾಯಿಯನ್ನೂ ಪಾಠದಲ್ಲಿ ಕೂರಿಸಿ, ಓದುವುದನ್ನು ತಡಮಾಡಿ ತಂದನು. ಸೊಲ್ಲು ಹೇಳುವ ಮಳವಳ್ಳಿಯ ಹುಡುಗನ ಕ್ರಮವನ್ನು ಇವರಲ್ಲಿ ಯಾರೂ ಕಂಡವರಲ್ಲ. ದಾರಿ ಮಾತ್ರ ಒಂದೇ ಆಗಿದೆ.

ಹಾಗೆಂದು ಸರಳೆ ವರಸೆಯನ್ನು ಬಿಟ್ಟು ಹಾಡನ್ನೇ ಕಲಿಸಿರೆಂದು ನಾನು ಹೇಳುವುದಿಲ್ಲ. ಬರಿಯ ಹಾಡಿನಿಂದ ಬೆಳೆದ ಮಗುವು ಹತ್ತು ವರ್ಷದ ಮೇಲೆ ವರ್ಣವನ್ನು ಎರಡು ಕಾಲದಲ್ಲಿ ಹಾಡಬೇಕಾದಾಗ ತಡವರಿಸುವುದನ್ನು ಕಂಡಿದ್ದೇನೆ. ನನಗೆ ತೋರುವುದು ಇಷ್ಟು: ಐದರಿಂದ ಏಳು ವರ್ಷದವರೆಗೆ ಮನೆಯ ಹಾಡು, ಏಕಾದಶಿಯ ಭಜನೆ, ಕೋಲಾಟ, ಇವೇ ಸಾಕು, ಸ್ವರದ ಹೆಸರುಗಳು ಬೇಡ. ಮೇಷ್ಟರ ಬಳಿಗೆ ಕಳುಹಿಸಿದ ಮೇಲೆ ದಿನಕ್ಕೆ ಕಾಲು ಗಂಟೆ ವರಸೆ, ಕಾಲು ಗಂಟೆ ಹಾಡು. ಕೈದೂರವಾಣಿಯಲ್ಲಿ ಶ್ರುತಿಯು ಈಗ ಬಿಟ್ಟಿಯಾಗಿ ಸಿಕ್ಕುವುದರಿಂದ ಮಗುವಿನ ಮನೆಯನ್ನು ಮೇಷ್ಟರಿಂದ ಗೊತ್ತುಮಾಡಿಸಿಕೊಂಡು ಅದರಲ್ಲಿಯೇ ಹಾಡಿಸುವುದು ಕಷ್ಟವಲ್ಲ. ಪುಸ್ತಕವನ್ನು ಪಾಠವಾದ ಮೇಲೆ ತೆರೆಯಲಿ, ಮೊದಲೇ ಬೇಡ. ಪರೀಕ್ಷೆಗೆ ಕಟ್ಟಿಸುವುದು ಮಗುವು ತಾನಾಗಿ ಕೇಳಿದಾಗ. ಮೇಷ್ಟರೂ ಒಂದು ವೇಳೆ ಅವಸರಪಡಿಸಿದರೆ ತಾಯಿಯು ನಯವಾಗಿ, “ಇನ್ನೊಂದು ವರ್ಷ ಹೋಗಲಿ ಸ್ವಾಮಿ” ಎನ್ನಬಹುದು.

ಮದ್ದೂರಿನ ಆ ಹುಡುಗಿಯ ಮನೆಗೆ ಕಳೆದ ಕಾರ್ತಿಕದಲ್ಲಿ ಹೋಗಿದ್ದೆ. ಅಜ್ಜಿಗೆ ಎಂಬತ್ತು ದಾಟಿದೆ, ದನಿ ಸಣ್ಣದಾಗಿದೆ. ಹುಡುಗಿಯು ಶನಿವಾರ ಭಾನುವಾರ ಅವರ ಬಳಿ ಕುಳಿತು ಸೋಬಾನೆಗಳನ್ನು ಹೇಳಿಸಿಕೊಂಡು, ತಾನು ಕಲಿತ ಸ್ವರಗಳಲ್ಲಿ ಬರೆದಿಡಲು ತೊಡಗಿದ್ದಾಳೆ. ಒಂಬತ್ತು ಹಾಡುಗಳಾಗಿವೆ. ಹತ್ತನೆಯದರಲ್ಲಿ ಅಜ್ಜಿಯು ಒಂದೆಡೆ ದನಿಯನ್ನು ಎಳೆಯುವುದು ಸಾಧಾರಣ ಗಾಂಧಾರವೂ ಅಲ್ಲ, ಅಂತರ ಗಾಂಧಾರವೂ ಅಲ್ಲ. ಹೇಗೆ ಬರೆಯಬೇಕೆಂದು ತೋಚದೆ ಅಲ್ಲಿ ಒಂದು ಸೊನ್ನೆಯನ್ನಿಟ್ಟು ಬಿಟ್ಟಿದ್ದಾಳೆ. “ಅದನ್ನೇನು ಬರೀತೀಯ ಮಗಾ, ಅನ್ನು ನೋಡಾನ” ಎಂದರು ಅಜ್ಜಿ. ಮಗುವು ಪುಸ್ತಕವನ್ನು ಬದಿಗಿಟ್ಟು ಮೊದಲಿನಿಂದ ಹೇಳತೊಡಗಿತು.