ಹತ್ತು ಮೀಟರ್ ದೂರದ ಗುರಿಗೆ ಎಂಥ ರೈಫಲ್?

ಜಾತ್ರೆಯಲ್ಲಿ ಬಲೂನು ಕಟ್ಟಿದ ಹಲಗೆಯ ಮುಂದೆ ನಿಂತು ಒಮ್ಮೆಯಾದರೂ ಏರ್‌ಗನ್ ಹಿಡಿಯದವರು ನಿಮ್ಮಲ್ಲಿ ಕಡಿಮೆ. ಐದರಲ್ಲಿ ಮೂರು ಬಲೂನು ಒಡೆದರೆ ಊರಿಗೆಲ್ಲ ಹೇಳಿಕೊಂಡು ಬರುವ ಉತ್ಸಾಹ. ಅಲ್ಲಿಂದಲೇ ಇರಬೇಕು, ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಕಡೆಯ ವಿದ್ಯಾರ್ಥಿಗಳಿಂದ ಬರುವ ಪ್ರಶ್ನೆಗಳಲ್ಲಿ ಒಂದು ಹೀಗಿರುತ್ತದೆ: ಹವ್ಯಾಸಕ್ಕೆಂದು ಗುರಿ ಹೊಡೆಯಲು ಕಡಿಮೆ ಬೆಲೆಯ ಸೆಮಿ ಆಟೋಮ್ಯಾಟಿಕ್ ರೈಫಲ್ ಯಾವುದು ಒಳ್ಳೆಯದು? ಸಿನಿಮಾಗಳಲ್ಲಿ, ಈಗ ಮೊಬೈಲಿನಲ್ಲಿ ಅಮೆರಿಕದವರ ಚಿತ್ರಗಳನ್ನು ನೋಡಿದವರಿಗೆ ಈ ಪ್ರಶ್ನೆ ಸಹಜ. ಆದರೆ ಅದು ಅಮೆರಿಕದ ಅಂಗಡಿಯ ಮುಂದೆ ನಿಂತು ಕೇಳಬೇಕಾದ ಪ್ರಶ್ನೆ. ನಮ್ಮ ಊರಿನಲ್ಲಿ ನಿಂತು ಕೇಳಬೇಕಾದದ್ದೇ ಬೇರೆ.

ಮೊದಲು ಹೆಸರಿನ ಅರ್ಥ ತಿಳಿಯೋಣ. ಗುಂಡು ಹಾರಿದಾಗ ಹುಟ್ಟುವ ಅನಿಲದ ಒತ್ತಡದಿಂದ ಅಥವಾ ಹಿಮ್ಮೆಟ್ಟುವ ಬಲದಿಂದಲೇ ಖಾಲಿ ತೋಟಾ ಹೊರಬಿದ್ದು ಮುಂದಿನ ತೋಟಾ ತಾನಾಗಿ ಒಳಗೆ ಕೂರುವ ರೈಫಲ್ ಸೆಮಿ ಆಟೋಮ್ಯಾಟಿಕ್. ಟ್ರಿಗರ್ ಒಮ್ಮೆ ಎಳೆದರೆ ಒಂದೇ ಗುಂಡು, ಆದರೆ ಮತ್ತೆ ತುಂಬುವ ಕೆಲಸವಿಲ್ಲ. ಟ್ರಿಗರ್ ಒತ್ತಿಹಿಡಿದಷ್ಟು ಹೊತ್ತೂ ಗುಂಡು ಹಾರುತ್ತಲೇ ಇದ್ದರೆ ಅದು ಪೂರ್ಣ ಆಟೋಮ್ಯಾಟಿಕ್. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಈ ಎರಡನೆಯದು ನಿಷಿದ್ಧ ಆಯುಧ. ಸೆಮಿ ಆಟೋಮ್ಯಾಟಿಕ್ ರೈಫಲ್ ಸಹ ನಿಯಮಗಳ ಪಟ್ಟಿಯಲ್ಲಿ ಮೊದಲನೆಯ, ಅಂದರೆ ಅತ್ಯಂತ ಬಿಗಿಯಾದ ವರ್ಗದಲ್ಲಿದೆ. ರೈತರು ಬೆಳೆ ರಕ್ಷಣೆಗೆಂದು ಪಡೆಯುವ ಸಾಮಾನ್ಯ ಲೈಸೆನ್ಸಿನಲ್ಲಿ ಅದು ಸಿಗುವುದಿಲ್ಲ. ಆ ಸಾಮಾನ್ಯ ಲೈಸೆನ್ಸಿಗೂ 21 ವರ್ಷ ತುಂಬಿರಬೇಕು. ಚುನಾವಣೆ ಬಂದಾಗ ಲೈಸೆನ್ಸಿನ ಬಂದೂಕುಗಳನ್ನು ಠಾಣೆಗೆ ಒಪ್ಪಿಸುವುದನ್ನು ನಿಮ್ಮ ಊರಿನಲ್ಲಿ ನೋಡಿಯೇ ಇರುತ್ತೀರಿ. ‘ಕೊಡಗಿನವರಿಗೆ ಲೈಸೆನ್ಸೇ ಬೇಡವಂತಲ್ಲ?’ ಎಂದು ಯಾರಾದರೂ ಕೇಳಬಹುದು. ಕೊಡವರಿಗೆ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಇರುವುದು ನಿಜ. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಲಾಯಿತು. ಆದರೆ ಅದು ಕೆಲವು ಬಗೆಯ ಬಂದೂಕುಗಳಿಗೆ ಮಾತ್ರ, ಆ ಸಮುದಾಯಕ್ಕೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಮಾತ್ರ. ಹಾವೇರಿಗೆ ಬರುವುದಿಲ್ಲ.

ಕಾನೂನಿನ ಮಾತನ್ನು ಬದಿಗಿಟ್ಟರೂ ಈ ಆಟಕ್ಕೆ ಸೆಮಿ ಆಟೋಮ್ಯಾಟಿಕ್ ಬೇಕೇ? ಒಲಿಂಪಿಕ್ಸ್‌ನ ರೈಫಲ್ ಸ್ಪರ್ಧೆಗಳೆಲ್ಲ ಒಂದೊಂದೇ ಗುಂಡು ತುಂಬಿ ಹೊಡೆಯುವಂಥವು. ಅಭಿನವ್ ಬಿಂದ್ರಾ 2008ರ ಆಗಸ್ಟ್ 11ರಂದು ಬೀಜಿಂಗ್‌ನಲ್ಲಿ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲ್‌ನಲ್ಲಿ. 2012ರಲ್ಲಿ ಗಗನ್ ನಾರಂಗ್ ಕಂಚು ಗೆದ್ದದ್ದೂ ಅದರಲ್ಲಿಯೇ. ನಮ್ಮ ನೆರೆಯ ಕೊಲ್ಹಾಪುರ ಜಿಲ್ಲೆಯ ಹಳ್ಳಿಯೊಂದರಿಂದ ಬಂದ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್‌ನಲ್ಲಿ ಕಂಚು ಪಡೆದದ್ದು 50 ಮೀಟರ್ ರೈಫಲ್‌ನಲ್ಲಿ, ಅಲ್ಲಿಯೂ ಒಂದು ಸಲಕ್ಕೆ ಒಂದೇ ತೋಟಾ. ನಾಲ್ಕು ಸೆಕೆಂಡಿನಲ್ಲಿ ಐದು ಗುಂಡು ಹೊಡೆಯಬೇಕಾದ ರ‍್ಯಾಪಿಡ್ ಫೈರ್ ಪಿಸ್ತೂಲಿನ ಸ್ಪರ್ಧೆಯಲ್ಲಿ ಮಾತ್ರ ಸೆಮಿ ಆಟೋಮ್ಯಾಟಿಕ್ ಬೇಕೇ ಬೇಕು. 2012ರಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದದ್ದು ಅದರಲ್ಲಿ. ಅದು ಬೇರೆಯದೇ ವಿದ್ಯೆ.

ಹೀಗಾಗಿ ನಿಮಗೆ ತೆರೆದಿರುವ ದಾರಿಗಳು ಎರಡು. ನಿಮ್ಮ ಕಾಲೇಜಿನಲ್ಲಿ ಎನ್‌ಸಿಸಿ ಇದ್ದರೆ, ‘ಪಾಯಿಂಟ್ ಟೂ ಟೂ’ ಎಂದು ಕೆಡೆಟ್‌ಗಳು ಕರೆಯುವ ರೈಫಲನ್ನು ಅಧಿಕಾರಿಗಳ ಕಣ್ಗಾವಲಿನಲ್ಲಿ ಮಲಗಿ ಹೊಡೆಯುವ ಅವಕಾಶ ಸಿಗುತ್ತದೆ. ಖರ್ಚಿಲ್ಲ, ಶಿಸ್ತು ತಾನಾಗಿ ಬರುತ್ತದೆ. ಇನ್ನೊಂದು, ಏರ್ ರೈಫಲ್. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ಒಳ ಅಳತೆ 4.5 ಮಿಲಿಮೀಟರ್ ಮತ್ತು ಗುಂಡಿನ ಶಕ್ತಿ 20 ಜೂಲ್ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ಅಂಗಡಿಯವರು ಗುರುತು, ವಿಳಾಸದ ದಾಖಲೆ ಕೇಳುತ್ತಾರೆ. ಅಪ್ಪನನ್ನೋ ಅಮ್ಮನನ್ನೋ ಜೊತೆಗೆ ಕರೆದುಕೊಂಡು ಹೋಗಿ. ‘ಸ್ವಲ್ಪ ದೊಡ್ಡದು ತಗೊಳ್ಳಿ, ಚೆನ್ನಾಗಿರುತ್ತೆ’ ಎಂದು 5.5 ಮಿಲಿಮೀಟರಿನದನ್ನು ತೋರಿಸಿದರೆ ಬೇಡವೆನ್ನಿ. ಅದು ಈ ವಿನಾಯಿತಿಯ ಹೊರಗಿನದು.

ಈ 20 ಜೂಲ್ ಎಂದರೆ ಎಷ್ಟು? ನೀವು ಭೌತಶಾಸ್ತ್ರದಲ್ಲಿ ಓದಿದ ಸೂತ್ರವನ್ನೇ ಹಚ್ಚಿ: ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಚಲನಶಕ್ತಿ. ಏರ್ ರೈಫಲಿನ ಸೀಸದ ಪೆಲೆಟ್ ಸುಮಾರು ಅರ್ಧ ಗ್ರಾಂ ತೂಗುತ್ತದೆ. ಸ್ಪರ್ಧೆಯ ರೈಫಲಿನಿಂದ ಅದು ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೊರಡುತ್ತದೆ. ಲೆಕ್ಕ ಮಾಡಿದರೆ ಏಳು ಜೂಲ್ ಚಿಲ್ಲರೆ. ಅದೇ ಪೆಲೆಟ್ 20 ಜೂಲ್ ಮುಟ್ಟಬೇಕಾದರೆ ವೇಗ ಸೆಕೆಂಡಿಗೆ 280 ಮೀಟರ್ ದಾಟಬೇಕು. ಇನ್ನು .22 ತೋಟಾದ ಗುಂಡು ಎರಡೂವರೆ ಗ್ರಾಂಗಿಂತ ಸ್ವಲ್ಪ ಹೆಚ್ಚು, ವೇಗ 330 ಮೀಟರಿನ ಆಸುಪಾಸು. ಶಕ್ತಿ ಸುಮಾರು 140 ಜೂಲ್, ಅಂದರೆ ಏರ್ ರೈಫಲಿನ ಇಪ್ಪತ್ತು ಪಟ್ಟು. ಆ ಗುಂಡು ಕಿಲೋಮೀಟರಿಗೂ ಆಚೆ ಹೋಗಿ ಬೀಳಬಲ್ಲದು. ಅದಕ್ಕೆ ಲೈಸೆನ್ಸೂ ಬೇಕು, ಫೈರಿಂಗ್ ಬಯಲೂ ಬೇಕು ಎಂಬುದರ ಕಾರಣ ಈ ಲೆಕ್ಕದಲ್ಲಿದೆ.

ಅಂಗಡಿಯಲ್ಲಿ ಮೊದಲು ಕೇಳಿಬರುವ ಮಾತು ವೇಗದ್ದೇ. ‘ಸೆಕೆಂಡಿಗೆ ಸಾವಿರ ಅಡಿ!’ ಎಂದು ಡಬ್ಬದ ಮೇಲೂ ಬರೆದಿರುತ್ತದೆ. ಅದಕ್ಕೆ ಮರುಳಾಗಬೇಡಿ. ತೀರ ಹಗುರವಾದ ಪೆಲೆಟ್ ಹಾಕಿದರೆ ಯಾವ ರೈಫಲಿನಲ್ಲೂ ವೇಗದ ಅಂಕಿ ಏರುತ್ತದೆ. ಶಬ್ದದ ವೇಗದ ಹತ್ತಿರ ಹೋದ ಪೆಲೆಟ್ ಗಾಳಿಯಲ್ಲಿ ತಡಬಡಾಯಿಸುತ್ತದೆ, ನೆಟ್ಟಗೆ ಹೋಗುವುದಿಲ್ಲ. ಏಳು ಜೂಲಿನ ರೈಫಲಿನಲ್ಲಿ ಒಲಿಂಪಿಕ್ ಚಿನ್ನ ಬಂದಿರುವಾಗ ನಿಮಗೆ ಇದರ ಗೊಡವೆ ಏಕೆ?

ಏರ್ ರೈಫಲಿನಲ್ಲಿ ಮುಖ್ಯವಾಗಿ ಎರಡು ಬಗೆ. ನಳಿಗೆಯನ್ನು ಮುರಿದಂತೆ ಬಗ್ಗಿಸಿದಾಗ ಒಳಗಿನ ಸ್ಪ್ರಿಂಗ್ ಬಿಗಿಯಾಗುವುದು ಒಂದು. ಜಾತ್ರೆಯಲ್ಲಿ ನೀವು ಹಿಡಿದದ್ದು ಇದೇ. ನಮ್ಮ ದೇಶದಲ್ಲೇ ತಯಾರಾಗುವ ಇಂಥವು ಕೆಲವು ಸಾವಿರ ರೂಪಾಯಿಗೆ ಸಿಗುತ್ತವೆ. ಇನ್ನೊಂದು, ಸಿಲಿಂಡರಿನಲ್ಲಿ ಮೊದಲೇ ತುಂಬಿಟ್ಟ ಒತ್ತಡದ ಗಾಳಿಯಿಂದ ಹೊಡೆಯುವುದು. ಸ್ಪರ್ಧೆಗಳಲ್ಲಿ ಕಾಣುವ ಜರ್ಮನಿಯ ವಾಲ್ಥರ್, ಫೈನ್‌ವೆರ್ಕ್‌ಬೌ ಈ ಜಾತಿಯವು, ಬೆಲೆ ಲಕ್ಷಗಳಲ್ಲಿ. ವ್ಯತ್ಯಾಸ ಬೆಲೆಯದಷ್ಟೇ ಅಲ್ಲ. ಸ್ಪ್ರಿಂಗ್ ಬಿಚ್ಚಿಕೊಂಡು ಭಾರವಾದ ಪಿಸ್ಟನ್ ಮುಂದಕ್ಕೆ ನುಗ್ಗುವಾಗ ರೈಫಲ್ ಹಿಂದಕ್ಕೆ ಸರಿಯುತ್ತದೆ, ಪಿಸ್ಟನ್ ನಿಂತಾಗ ಮುಂದಕ್ಕೆ ಜಗ್ಗುತ್ತದೆ. ಪೆಲೆಟ್ ನಳಿಗೆಯೊಳಗೆ ಇರುವಾಗಲೇ ಈ ಅಲುಗಾಟ ಶುರುವಾಗಿರುತ್ತದೆ! ಆದ್ದರಿಂದ ಸ್ಪ್ರಿಂಗ್ ರೈಫಲನ್ನು ಒಮ್ಮೆ ಬಿಗಿಯಾಗಿ, ಒಮ್ಮೆ ಸಡಿಲವಾಗಿ ಹಿಡಿದರೆ ಪೆಲೆಟ್ ಬೇರೆ ಬೇರೆ ಕಡೆ ಬೀಳುತ್ತದೆ. ಹಗುರವಾಗಿ, ಪ್ರತಿಸಲವೂ ಒಂದೇ ರೀತಿ ಹಿಡಿಯುವುದನ್ನು ಅದು ಕಡ್ಡಾಯವಾಗಿ ಕಲಿಸುತ್ತದೆ. ಮೊದಲ ವರ್ಷಕ್ಕೆ ಸ್ಪ್ರಿಂಗ್ ರೈಫಲೇ ಸಾಕು ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಎರಡು ಸ್ಪ್ರಿಂಗ್ ರೈಫಲುಗಳಲ್ಲಿ ಒಳ್ಳೆಯದನ್ನು ಆರಿಸುವುದು ಹೇಗೆ? ಹೊಡೆದು ನೋಡಿಯೇ ಆರಿಸಬೇಕು. ಮರಳು ತುಂಬಿದ ಚೀಲದ ಮೇಲೆ ಅಂಗೈ, ಅಂಗೈ ಮೇಲೆ ರೈಫಲ್ ಇಟ್ಟು, ಹತ್ತು ಮೀಟರಿನಿಂದ ಒಂದೇ ಚುಕ್ಕೆಗೆ ಐದು ಪೆಲೆಟ್ ಹೊಡೆಯಿರಿ. ಚುಕ್ಕೆಗೆ ಬಿತ್ತೇ ಎಂದು ಈಗ ನೋಡಬೇಡಿ. ಐದು ತೂತುಗಳು ಎಷ್ಟು ಹತ್ತಿರ ಬಿದ್ದಿವೆ ಎಂದು ನೋಡಿ. ಒಂದು ರೂಪಾಯಿ ನಾಣ್ಯ ಐದನ್ನೂ ಮುಚ್ಚಿದರೆ ಆ ರೈಫಲ್ ಕಲಿಯುವವರಿಗೆ ಯೋಗ್ಯ. ಗುಂಪು ಚಿಕ್ಕದಾಗಿದ್ದು ಪಕ್ಕಕ್ಕೆ ಬಿದ್ದಿದ್ದರೆ ಅದು ದೋಷವಲ್ಲ, ಸೈಟನ್ನು ಸರಿಪಡಿಸಿದರಾಯಿತು. ಗುಂಪು ಚೆದುರಿದ್ದರೆ ಕಾರಣ ಮೂರರಲ್ಲಿ ಒಂದು: ರೈಫಲ್, ಪೆಲೆಟ್ ಅಥವಾ ನೀವು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ. ರೈಫಲ್ ಅದೇ ಇರಲಿ, ಬೇರೆ ತಯಾರಿಕೆಯ ಪೆಲೆಟ್ ಹಾಕಿ. ಆಮೇಲೆ ಪೆಲೆಟ್ ಅದೇ ಇರಲಿ, ಅನುಭವಸ್ಥರೊಬ್ಬರ ಕೈಗೆ ರೈಫಲ್ ಕೊಡಿ. ಪ್ರಯೋಗಾಲಯದಲ್ಲಿ ಮಾಡುವುದೂ ಇದನ್ನೇ ತಾನೆ? ಪೆಲೆಟ್‌ನ ತಲೆ ಚಪ್ಪಟೆಯಾಗಿರಲಿ, ಅದು ಕಾಗದವನ್ನು ದುಂಡಗೆ ಕತ್ತರಿಸುವುದರಿಂದ ಅಳೆಯಲು ಸುಲಭ.

ಸೈಟಿನ ವಿಷಯದಲ್ಲಿ ನಿಮ್ಮ ರೇಖಾಗಣಿತ ಉಪಯೋಗಕ್ಕೆ ಬರುತ್ತದೆ. ಹಿಂದಿನ ಮತ್ತು ಮುಂದಿನ ಸೈಟುಗಳ ನಡುವೆ ಅರ್ಧ ಮೀಟರ್ ಅಂತರವಿದೆ ಎನ್ನೋಣ. ಗುರಿ ಹತ್ತು ಮೀಟರ್ ದೂರ, ಅಂದರೆ ಇಪ್ಪತ್ತು ಪಟ್ಟು. ಸಮರೂಪ ತ್ರಿಭುಜಗಳ ನಿಯಮದಂತೆ ಹಿಂದಿನ ಸೈಟನ್ನು ಒಂದು ಮಿಲಿಮೀಟರ್ ಸರಿಸಿದರೆ ತೂತು ಗುರಿಯ ಮೇಲೆ ಇಪ್ಪತ್ತು ಮಿಲಿಮೀಟರ್ ಸರಿಯುತ್ತದೆ. ಸ್ಪರ್ಧೆಯ ಗುರಿಯ ಇಡೀ ವೃತ್ತ 45.5 ಮಿಲಿಮೀಟರ್, ಹತ್ತು ಅಂಕದ ಚುಕ್ಕೆ ಕೇವಲ ಅರ್ಧ ಮಿಲಿಮೀಟರ್. ಆದ್ದರಿಂದ ಸೈಟಿನ ತಿರುಪು ಸಡಿಲವಾಗಿ ಅಲ್ಲಾಡುವ ರೈಫಲ್ ಎಷ್ಟೇ ಅಗ್ಗವಾದರೂ ಬೇಡ. ಇನ್ನೊಂದು ಸಂಗತಿ: ಹತ್ತು ಮೀಟರ್ ದಾಟುವ ಸೆಕೆಂಡಿನ ನೂರನೇ ಆರು ಭಾಗದಲ್ಲಿ ಪೆಲೆಟ್ ಸುಮಾರು 17 ಮಿಲಿಮೀಟರ್ ಕೆಳಗಿಳಿದಿರುತ್ತದೆ. ದೂರ ಬದಲಾದರೆ ಸೈಟನ್ನೂ ಬದಲಿಸಬೇಕಾಗುವುದು ಇದಕ್ಕೇ.

ತೂಕವನ್ನೂ ನೋಡಿ. ಸ್ಪರ್ಧೆಯಲ್ಲಿ 5.5 ಕಿಲೋ ತನಕ ಅವಕಾಶವಿದೆಯೆಂದು ಹತ್ತನೆಯ ತರಗತಿಯ ಹುಡುಗಿಯ ಕೈಗೆ ಅಷ್ಟು ಭಾರ ಕೊಡಬಾರದು. ಹೆಗಲಿಗೆ ಒತ್ತಿ ಹಿಡಿದಾಗ ಕತ್ತು ಚಾಚದೆ ಕಣ್ಣು ಸೈಟಿಗೆ ಬರಬೇಕು, ಬೆರಳು ಟ್ರಿಗರ್‌ಗೆ ಸಲೀಸಾಗಿ ಎಟುಕಬೇಕು.

ಜಾಗದ ಪ್ರಶ್ನೆ ಮುಖ್ಯ. ಶಾಲೆಯ ಪಡಸಾಲೆಯಷ್ಟು ಉದ್ದವಿದ್ದರೆ ಹತ್ತು ಮೀಟರ್ ಸಿಗುತ್ತದೆ. ಬ್ಯಾಡಗಿಯಲ್ಲಾದರೆ ಸುಗ್ಗಿ ಮುಗಿದ ಮೇಲೆ ಖಾಲಿ ಬಿದ್ದ ಗೋದಾಮು ಆದೀತು (ಮೆಣಸಿನಕಾಯಿ ಇರುವಾಗ ಬೇಡ, ಸೀನುತ್ತಾ ಯಾರು ಗುರಿ ಹಿಡಿದಾರು!). ಗುರಿಯ ಹಿಂದೆ ಬಾಗಿಲು, ಕಿಟಕಿ, ದಾರಿ ಇರಕೂಡದು. ಬರೀ ಕಲ್ಲುಗೋಡೆಯಾದರೆ ಪೆಲೆಟ್ ಪುಟಿದು ಕಣ್ಣಿಗೆ ಬರಬಹುದು. ಮುಂದಕ್ಕೆ ವಾಲಿಸಿದ ತಗಡಿನ ಪೆಟ್ಟಿಗೆಯನ್ನು ಹಿಂದಿಡಿ, ಕನ್ನಡಕ ಹಾಕಿ. ಖಾಲಿಯೆಂದು ಗೊತ್ತಿದ್ದರೂ ನಳಿಗೆಯ ಬಾಯಿ ಯಾರ ಕಡೆಗೂ ತಿರುಗದಿರಲಿ. ಪಕ್ಕದಲ್ಲಿ ಹಿರಿಯರೊಬ್ಬರಿರಲಿ.

ಹೊಲದ ಕಡೆ ಹೋಗಬೇಡಿ. ರಾಣೇಬೆನ್ನೂರಿನಲ್ಲಿ 1974ರಿಂದ ಕೃಷ್ಣಮೃಗ ವನ್ಯಧಾಮವಿದೆ. ಅನುಮತಿಯಿಲ್ಲದೆ ಅದರೊಳಗೆ ಆಯುಧ ಒಯ್ಯುವುದೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ‘ಬರೀ ಏರ್‌ಗನ್, ಬರೀ ಒಂದು ಹಕ್ಕಿ’ ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ವನ್ಯಧಾಮದ ಹೊರಗೆ ನಿಮ್ಮ ಹೊಲದಲ್ಲೇ ನಿಂತ ನವಿಲಿಗೂ ಆ ಕಾಯ್ದೆಯ ರಕ್ಷಣೆ ಇದೆ.

ಕೊಳ್ಳುವ ಮುನ್ನ ಸಾಧ್ಯವಾದರೆ ಕೆಲವು ತಿಂಗಳು ಕ್ಲಬ್ಬಿನ ರೈಫಲಿನಲ್ಲಿ ಅಭ್ಯಾಸ ಮಾಡಿ. ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ರೈಫಲ್ ಅಸೋಸಿಯೇಷನ್‌ಗೆ ಬರೆದು ನಿಮಗೆ ಹತ್ತಿರದ ಕ್ಲಬ್ ಯಾವುದೆಂದು ಕೇಳಬಹುದು. ಮನೆಯವರು ಒಪ್ಪಿದ ಹಣವನ್ನೆಲ್ಲ ರೈಫಲಿಗೇ ಸುರಿಯಬೇಡಿ. ಸ್ಪರ್ಧೆಯಂತೆ ದಿನಕ್ಕೆ 60 ಪೆಲೆಟ್, ತಿಂಗಳಿಗೆ ಇಪ್ಪತ್ತು ದಿನ ಹೊಡೆದರೆ 1200 ಪೆಲೆಟ್ ಬೇಕು. ರೈಫಲಿಗೆ ಒಂದು ಸಲದ ಖರ್ಚು, ಪೆಲೆಟ್ಟಿಗೆ ಪ್ರತಿ ತಿಂಗಳೂ. ಪೆಲೆಟ್ ಸೀಸದ್ದು, ಸೀಸ ವಿಷ. ಬಾಯಲ್ಲಿ ಕಚ್ಚಿಕೊಂಡು ತುಂಬುವ ಚಾಳಿ ಬೇಡ. ಅಭ್ಯಾಸ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆದೇ ಊಟಕ್ಕೆ ಕೂರಿ.